ಬಲಗಡೆ ಸೀಟಿಗೆ ಹೋಗುವ ಮುಂಚೆ

‘ಸಿಪಿಎಲ್ ಆಯ್ತು ಮ್ಯಾಮ್, ಏರ್‌ಲೈನ್‌ನಿಂದ ಕರೆ ಬಂದಿಲ್ಲ. ಸುಮ್ನೆ ಕೂರೋ ಬದಲು ಇನ್‌ಸ್ಟ್ರಕ್ಟರ್ ಆಗಲಾ?’ ಎಂದು ಕೇಳುವ, ಕಮರ್ಷಿಯಲ್ ಪೈಲಟ್ ಲೈಸೆನ್ಸ್ (ಸಿಪಿಎಲ್) ಮುಗಿಸಿದವರು ನನಗೆ ಆಗಾಗ ಸಿಗುತ್ತಾರೆ. ಆಗಿ ಎಂದೇ ಹೇಳುತ್ತೇನೆ. ಆದರೆ ಹಾರಾಟದ ಗಂಟೆ ತುಂಬಿಸಿಕೊಳ್ಳೋಕೆ ಮಾತ್ರ ಬರಬೇಡಿ. ನಿಮ್ಮ ಎಡಗಡೆ ಕೂತು ಕಲಿಯುವ ಹುಡುಗನಿಗೆ ಅದು ಮೂರನೇ ದಿನಕ್ಕೇ ಗೊತ್ತಾಗುತ್ತದೆ. ಅವನ ಅಪ್ಪ ಜಮೀನು ಅಡ ಇಟ್ಟು ಕಳಿಸಿರಬಹುದು. ಅವನ ಒಂದೊಂದು ಗಂಟೆಯೂ ಅಷ್ಟು ದುಬಾರಿ.

ನಾನು ತಿಪಟೂರಿನವಳು. ವಿಮಾನ ಹಾರಿಸಲು ಕಲಿತದ್ದು ಜಕ್ಕೂರಿನಲ್ಲಿ. ಈಗ ಬೇರೆ ಊರಿನ ಒಂದು ಕ್ಲಬ್‌ನಲ್ಲಿ ಎರಡು ಸೀಟಿನ ತರಬೇತಿ ವಿಮಾನ ಸೆಸ್ನಾ 152ರಲ್ಲಿ, ಇನ್‌ಸ್ಟ್ರಕ್ಟರ್ ಕೂರುವ ಬಲಗಡೆ ಸೀಟಿನಲ್ಲಿ ಕೂತು ಒಂಬತ್ತು ವರ್ಷವಾಯಿತು. ಬರುವ ಮುಂಚೆ ಯಾರಾದರೂ ನನಗೆ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸುವ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಗದದ ಕೆಲಸ ಮೊದಲು ಮುಗಿಸೋಣ. ಮೊದಲ ಮೆಟ್ಟಿಲು ಅಸಿಸ್ಟೆಂಟ್ ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್, ಅಂದರೆ ಎಎಫ್‌ಐಆರ್. ಕಲಿಸಿದ ಅನುಭವ ಕೂಡಿದ ಮೇಲೆ ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್, ಅಂದರೆ ಎಫ್‌ಐಆರ್. ಅಸಿಸ್ಟೆಂಟ್ ಆಗಿರುವಾಗ ನೀವು ಒಬ್ಬ ಫ್ಲೈಟ್ ಇನ್‌ಸ್ಟ್ರಕ್ಟರ್ ಮೇಲ್ವಿಚಾರಣೆಯಲ್ಲಿ ಕಲಿಸುತ್ತೀರಿ. ವಿದ್ಯಾರ್ಥಿಯನ್ನು ಮೊದಲ ಸೋಲೋಗೆ (ಒಬ್ಬನೇ ಹಾರುವುದಕ್ಕೆ) ಬಿಡುವ ಅಧಿಕಾರ ನಿಮಗಿರುವುದಿಲ್ಲ. ಗಂಟೆಗಳ ಲೆಕ್ಕವನ್ನು ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮದಲ್ಲೇ ಓದಿ, ಕ್ಯಾಂಟೀನಿನಲ್ಲಿ ಕೇಳಿದ್ದನ್ನು ನಂಬಬೇಡಿ. ಲಾಗ್‌ಬುಕ್ಕಿನ ಪ್ರತಿ ಪುಟದ ಮೊತ್ತವನ್ನು ಪೆನ್ಸಿಲ್ ಹಿಡಿದು ಮತ್ತೊಮ್ಮೆ ಕೂಡಿ. ಸಿಪಿಎಲ್‌ನ 200 ಗಂಟೆಯಲ್ಲಿ 100 ಗಂಟೆ ಪಿಐಸಿ (ಪೈಲಟ್ ಇನ್ ಕಮಾಂಡ್) ಎಂದು ತೋರಿಸಿದ ಅದೇ ಪುಟಗಳನ್ನು ಈಗ ಮತ್ತೆ ನೋಡುತ್ತಾರೆ. ಹಳೆಯ ತಪ್ಪೊಂದು ಈಗ ಎದ್ದು ಬಂದರೆ ವಾರಗಟ್ಟಲೆ ಕಾಯಬೇಕಾಗುತ್ತದೆ.

ಇನ್ನು ಕ್ಲಬ್. ತರಬೇತಿ ಶುರುವಾಗುವ ಮೊದಲು ಒಂದು ತಿಂಗಳು ಹ್ಯಾಂಗರ್‌ನಲ್ಲಿ (ವಿಮಾನ ನಿಲ್ಲಿಸುವ ಶೆಡ್) ಕಳೆಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ವಿದ್ಯಾರ್ಥಿಯಾಗಿದ್ದಾಗ ನಾವು ಹಾರೋಕೆ ಬರುತ್ತಿದ್ದೆವು, ಹಾರಿ ಹೋಗುತ್ತಿದ್ದೆವು. ಈಗ ಬೆಳಿಗ್ಗೆ ಐದೂವರೆಗೆ ಬನ್ನಿ. ಟೋ ಬಾರ್ ಹಿಡಿದು ವಿಮಾನವನ್ನು ಹೊರಗೆ ತಳ್ಳಿ. ಬ್ರೆತ್ ಅನಲೈಸರ್ ಪರೀಕ್ಷೆಗೆ ಸಾಲಿನಲ್ಲಿ ಮೊದಲು ನಿಲ್ಲಿ. ಟೆಕ್ ಲಾಗ್ ಓದಿ. ನಿನ್ನೆ ಬರೆದ ಸ್ನ್ಯಾಗ್ (ದೋಷ) ಏನು, ಅದನ್ನು ಹೇಗೆ ಸರಿಪಡಿಸಿದರು ಎಂದು ಇಂಜಿನಿಯರ್ ಹತ್ತಿರ ಕೇಳಿ. 100 ಗಂಟೆ ಇನ್‌ಸ್ಪೆಕ್ಷನ್ ನಡೆಯುವಾಗ ಪಕ್ಕದಲ್ಲಿ ನಿಂತು, ಟಾರ್ಚ್ ಹಿಡಿಯಿರಿ. ಕೌಲಿಂಗ್ (ಇಂಜಿನ್ ಮೇಲಿನ ಕವಚ) ಬಿಚ್ಚಿದ ಇಂಜಿನ್ ನೋಡಿದವರು ‘ಆಯಿಲ್ ಪ್ರೆಶರ್ ಯಾಕೆ ನೋಡಬೇಕು’ ಎಂದು ಹೇಳುವ ರೀತಿಯೇ ಬೇರೆ.

ಇಂಧನದ ಒಂದು ಉದಾಹರಣೆ ಕೊಡುತ್ತೇನೆ. ದಿನದ ಮೊದಲ ಹಾರಾಟಕ್ಕೆ ಮುಂಚೆ ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲ್ ಸಣ್ಣ ಕಪ್ಪಿಗೆ ತೆಗೆದು ನೋಡುತ್ತೇವೆ. ನೀರು ಭಾರ, ಅದು ಕೆಳಗೆ ಕೂರುತ್ತದೆ, ನಡುವೆ ಗೆರೆ ಕಾಣುತ್ತದೆ. ಇಷ್ಟನ್ನು ಎಲ್ಲರೂ ಕಲಿಸುತ್ತಾರೆ. ಆದರೆ ಕಪ್ಪಿನ ತುಂಬ ಬರೀ ನೀರೇ ಬಂದರೆ? ಆಗ ಗೆರೆಯೇ ಇರುವುದಿಲ್ಲ. ನೋಡೋಕೆ ಸ್ವಚ್ಛವಾಗಿರುತ್ತದೆ. ಅದಕ್ಕೇ ಬಣ್ಣ ನೋಡಬೇಕು, ವಾಸನೆ ನೋಡಬೇಕು. ನಾವು ಹಾಕುವ ವಿಮಾನದ ಪೆಟ್ರೋಲ್, ಆವ್‌ಗ್ಯಾಸ್ 100ಎಲ್‌ಎಲ್, ತಿಳಿ ನೀಲಿ. ಇದನ್ನು ನನಗೆ ತೋರಿಸಿಕೊಟ್ಟದ್ದು ಪುಸ್ತಕವಲ್ಲ, ಹ್ಯಾಂಗರ್‌ನ ಒಬ್ಬ ಹಿರಿಯ ಹೆಲ್ಪರ್. ನಾನೂ ಪ್ರತಿ ವಿದ್ಯಾರ್ಥಿಗೆ ಒಂದು ಕಪ್ ಕುಡಿಯುವ ನೀರು, ಒಂದು ಕಪ್ ಪೆಟ್ರೋಲ್ ಎರಡನ್ನೂ ಬಿಸಿಲಿಗೆ ಹಿಡಿದು ತೋರಿಸುತ್ತೇನೆ.

ಈಗ ಬಲಗಡೆ ಸೀಟು. ಇದಕ್ಕೆ ಜಾಸ್ತಿ ಸಮಯ ಬೇಕು.

200 ಗಂಟೆ ಎಡಗಡೆ ಕೂತವರಿಗೆ ಯೋಕ್ (ವಿಮಾನ ತಿರುಗಿಸುವ ಹಿಡಿ) ಎಡಗೈಯಲ್ಲಿ, ಥ್ರಾಟಲ್ (ಇಂಜಿನ್ ಶಕ್ತಿ ಹೆಚ್ಚುಕಮ್ಮಿ ಮಾಡುವ ಗುಂಡಿ) ಬಲಗೈಯಲ್ಲಿ. ಬಲಗಡೆ ಬಂದರೆ ಎರಡೂ ಅದಲು ಬದಲು. ಕೈ ಒಂದು ವಾರದಲ್ಲಿ ಒಗ್ಗಿಕೊಳ್ಳುತ್ತದೆ. ಕಣ್ಣು ಒಗ್ಗುವುದಿಲ್ಲ. ಎಡಗಡೆಯಿಂದ ನೋಡುವವರಿಗೆ ಎಡ ತಿರುವಿನಲ್ಲಿ ವಿಮಾನದ ಮೂತಿ ದಿಗಂತದ ಮುಂದೆ ಸ್ವಲ್ಪ ಎತ್ತರ ಕಾಣುತ್ತದೆ, ಬಲ ತಿರುವಿನಲ್ಲಿ ತಗ್ಗು ಕಾಣುತ್ತದೆ. ನಾವು ಮಧ್ಯದಲ್ಲಿ ಕೂತಿಲ್ಲವಲ್ಲ, ಅದಕ್ಕೆ. ಬಲ ಸೀಟಿನಲ್ಲಿ ಇದು ಪೂರ್ತಿ ಉಲ್ಟಾ. ಎಡ ತಿರುವು ತೆಗೆದುಕೊಂಡ ಕೂಡಲೇ ಮೂತಿ ಕೆಳಗೆ ಹೋದಂತೆ ಅನ್ನಿಸುತ್ತದೆ, ಕೈ ತಾನಾಗಿ ಯೋಕ್ ಎಳೆಯುತ್ತದೆ. ಮೊದಲ ದಿನಗಳಲ್ಲಿ ನನ್ನ ಪ್ರತಿ ಎಡ ತಿರುವಿನಲ್ಲೂ ವಿಮಾನ 100 ಅಡಿ ಮೇಲೆ ಹೋಗಿರುತ್ತಿತ್ತು.

ಇದಕ್ಕೆ ಪರಿಹಾರ ಸರಳ. ನೆಲದ ಮೇಲೆ ನಿಂತಿರುವ ವಿಮಾನದಲ್ಲಿ ಬಲಗಡೆ ಕೂತು, ನಿಮ್ಮ ಕಣ್ಣಿನ ನೇರಕ್ಕೆ ಕೌಲಿಂಗ್ ಮೇಲೆ ಒಂದು ರಿವೆಟ್ ಗುರುತಿಟ್ಟುಕೊಳ್ಳಿ. ಮೂತಿಯ ಮಧ್ಯ ನೋಡಬೇಡಿ, ಆ ರಿವೆಟ್ ನೋಡಿ. ಗಾಳಿಯಲ್ಲಿ ದಿಗಂತವನ್ನು ಅದರಿಂದಲೇ ಅಳೆಯಿರಿ. ನೇರ ಹಾರುವಾಗ ದಿಗಂತ ಅದಕ್ಕಿಂತ ನಾಲ್ಕು ಬೆರಳು ಮೇಲೆ ಕಾಣಬೇಕು ಎಂಬುದು ನನ್ನ ಲೆಕ್ಕ. ನಿಮಗೆ ಮೂರು ಇರಬಹುದು. ಹಾಗೆಯೇ ಮೀಟರುಗಳು ಎಡಗಡೆ ಇರುವುದರಿಂದ ಓರೆಯಾಗಿ ನೋಡುತ್ತೀರಿ, ಏರ್‌ಸ್ಪೀಡ್ ಮುಳ್ಳು ಒಂದೆರಡು ನಾಟ್ ಹೆಚ್ಚುಕಮ್ಮಿ ಕಾಣುತ್ತದೆ. ವಿದ್ಯಾರ್ಥಿ ‘65’ ಅಂದರೆ, ನಿಮಗೆ ಕಾಣುವ ಅಂಕಿ ಬೇರೆಯಾದರೂ ತಕ್ಷಣ ಅವನನ್ನು ತಿದ್ದಬೇಡಿ.

ಕಣ್ಣು ಸರಿಹೋದ ಮೇಲೆ ಬಾಯಿ. ಇನ್‌ಸ್ಟ್ರಕ್ಟರ್ ಮಾತಿಗೆ ‘ಪ್ಯಾಟರ್’ ಎನ್ನುತ್ತಾರೆ. 1917ರಲ್ಲಿ ಇಂಗ್ಲೆಂಡಿನ ಗಾಸ್‌ಪೋರ್ಟ್‌ನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬುವರು ಹಾರಾಟ ಕಲಿಸುವುದಕ್ಕೆ ಒಂದು ಕ್ರಮ ತಂದರು. ತೆರೆದ ಕಾಕ್‌ಪಿಟ್‌ನಲ್ಲಿ ಗುರು ಮತ್ತು ಶಿಷ್ಯರ ನಡುವೆ ಮಾತಿಗೆ ಒಂದು ಕೊಳವೆ ಇತ್ತು. ಈಗ ಹೆಡ್‌ಸೆಟ್ ಬಂದಿದೆ, ಕಷ್ಟ ಮಾತ್ರ ಹಾಗೇ ಇದೆ. ಕೈಗೆ ಗೊತ್ತಿರುವುದು ಬಾಯಿಗೆ ಬರುವುದಿಲ್ಲ. ನಿಮ್ಮ ಅಮ್ಮನನ್ನು ಒಗ್ಗರಣೆಗೆ ಸಾಸಿವೆ ಎಷ್ಟು ಹೊತ್ತು ಸಿಡಿಯಬೇಕು ಅಂತ ಕೇಳಿ ನೋಡಿ, ಅದೇ ಕಷ್ಟ.

ನಾನು ಅಭ್ಯಾಸ ಮಾಡಿದ್ದು ಹೀಗೆ. ತಿಪಟೂರಿಗೆ ಹೋಗುವ ರೈಲಿನಲ್ಲಿ ಬಾಗಿಲ ಹತ್ತಿರ ನಿಂತು ಪೂರ್ತಿ ‘ಸ್ಟಾಲ್’ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ರಾತ್ರಿ ಕೇಳಿದರೆ ಅರ್ಧ ಮಾತು ಬೇಡದ್ದು ಅನ್ನಿಸುತ್ತಿತ್ತು. ಕತ್ತರಿಸಿ ಮತ್ತೆ ಹೇಳುತ್ತಿದ್ದೆ. ನೆನಪಿಡಬೇಕಾದ್ದು ಎರಡು. ಮಾತು ವಿಮಾನಕ್ಕಿಂತ ಒಂದು ಕ್ಷಣ ಮುಂದಿರಬೇಕು. ‘ಈಗ ಮೂತಿ ಬೀಳುತ್ತೆ, ನೋಡು’ ಎಂದ ಮೇಲೆ ಅದು ಬೀಳಬೇಕು. ಬಿದ್ದ ಮೇಲೆ ಹೇಳಿದರೆ ಅದು ಬರೀ ವರದಿ. ಎರಡನೆಯದು, ವಿದ್ಯಾರ್ಥಿಯ ಕೈಗೆ ಕಂಟ್ರೋಲ್ ಕೊಟ್ಟ ಮೇಲೆ ಬಾಯಿ ಮುಚ್ಚಬೇಕು. ಅವನು ವಿಮಾನದ ಸದ್ದು ಕೇಳುತ್ತಿರುತ್ತಾನೆ, ನಿಮ್ಮ ದನಿ ಅದನ್ನು ಮುಚ್ಚಿಬಿಡುತ್ತದೆ.

ಭಾಷೆಯ ಬಗ್ಗೆಯೂ ಹೇಳಲೇಬೇಕು. ಪಿಯುಸಿ ತನಕ ಕನ್ನಡದಲ್ಲೇ ಯೋಚಿಸಿದ ಮಕ್ಕಳು ಈಗ ಕ್ಲಬ್‌ಗೆ ಬರುತ್ತಿದ್ದಾರೆ. ರೇಡಿಯೋ ಮಾತು ಇಂಗ್ಲಿಷ್‌ನಲ್ಲೇ ಇರಬೇಕು, ಅದನ್ನು ಗಟ್ಟಿ ಮಾಡಿಸಿ. ಆದರೆ ಬೋರ್ಡಿನ ಮುಂದೆ ಪಾಠ ಕನ್ನಡದಲ್ಲಿ ಮಾಡಿದರೆ ತಪ್ಪೇನು? ಡೆನ್ಸಿಟಿ ಆಲ್ಟಿಟ್ಯೂಡ್ ಎಂಬ ಪದಕ್ಕೆ ಹೆದರುವವರ ಹತ್ತಿರ ನಾನು ಲೆಕ್ಕವನ್ನೇ ಹಾಕಿಸುತ್ತೇನೆ. ಏರೋಡ್ರೋಮ್ ಜಕ್ಕೂರಿನ ಹಾಗೆ ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಮೇಲಿದೆ ಅನ್ನಿ. ಆ ಎತ್ತರಕ್ಕೆ ಸ್ಟ್ಯಾಂಡರ್ಡ್ ಉಷ್ಣತೆ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 34 ಇದೆ. ವ್ಯತ್ಯಾಸ 25. ಒಂದೊಂದು ಡಿಗ್ರಿಗೆ ಸುಮಾರು 120 ಅಡಿ, ಅಂದರೆ ಇನ್ನೂ 3000. ಒಟ್ಟು 6000 ಅಡಿ. ‘ನಿನ್ನ ವಿಮಾನ ನಿಂತಿರೋದು ಇಲ್ಲೇ, ಆದರೆ ಅದಕ್ಕೆ ಸಿಗ್ತಿರೋದು 6000 ಅಡಿ ಮೇಲಿನ ತೆಳು ಗಾಳಿ’ ಎಂದಾಗ ಅವರ ಮುಖ ಅರಳುತ್ತದೆ. 110 ಅಶ್ವಶಕ್ತಿಯ ಇಂಜಿನ್ ಅಷ್ಟೂ ಶಕ್ತಿ ಕೊಡುವುದಿಲ್ಲ, ಓಟ ಉದ್ದವಾಗುತ್ತದೆ, ಏರುವುದು ನಿಧಾನವಾಗುತ್ತದೆ. ನಾವು ಬೆಳಿಗ್ಗೆ ಬೇಗ ಹಾರುವುದು ಯಾಕೆ ಎಂದು ಮತ್ತೆ ಹೇಳಬೇಕಾಗಿಲ್ಲ.

ಕಾಕ್‌ಪಿಟ್‌ನಲ್ಲಿ ಮಾತ್ರ ಒಂದು ವಾಕ್ಯ ಬದಲಾಗಬಾರದು. ‘ಯು ಹ್ಯಾವ್ ಕಂಟ್ರೋಲ್’, ‘ಐ ಹ್ಯಾವ್ ಕಂಟ್ರೋಲ್’. ಕೊಡುವವರು ಹೇಳಬೇಕು, ತೆಗೆದುಕೊಂಡವರು ಹೇಳಬೇಕು, ಕೊಟ್ಟವರು ಮತ್ತೊಮ್ಮೆ ಖಚಿತ ಮಾಡಬೇಕು. ಮೊದಲ ವರ್ಷ ಒಂದು ದಿನ ನಾನು ಒಬ್ಬ ವಿದ್ಯಾರ್ಥಿನಿಗೆ ‘ಹೂಂ, ನೀನೇ ನೋಡ್ಕೋ’ ಎಂದಿದ್ದೆ. ನಾನು ಹೇಳಿದ್ದು ಹೊರಗೆ ಬೇರೆ ವಿಮಾನ ಇದೆಯಾ ನೋಡು ಅಂತ, ಅವಳು ಹಾಗೆಯೇ ತಿಳಿದು ಯೋಕ್ ಬಿಟ್ಟು ಹೊರಗೆ ನೋಡುತ್ತಿದ್ದಳು. ನಾನು ಅವಳೇ ಹಾರಿಸುತ್ತಿದ್ದಾಳೆ ಅಂದುಕೊಂಡಿದ್ದೆ. ಕೆಲವು ಸೆಕೆಂಡು ಆ ವಿಮಾನವನ್ನು ಯಾರೂ ಹಾರಿಸುತ್ತಿರಲಿಲ್ಲ. ಎತ್ತರ ಇತ್ತು, ಕೈ ಬಿಟ್ಟರೂ ನೇರ ಹೋಗುವಂತೆ ಟ್ರಿಮ್ ಸರಿ ಇತ್ತು, ಏನೂ ಆಗಲಿಲ್ಲ. ಆ ಸಂಜೆ ನಾನು ಊಟ ಮಾಡಲಿಲ್ಲ.

ಇನ್ನು ಕೈ. ನನ್ನ ಪ್ರಕಾರ ಇಡೀ ತರಬೇತಿಯ ತಿರುಳು ಇಲ್ಲಿದೆ. ಬೇಗ ಕೈ ಹಾಕಿದರೆ ಅವನು ಕಲಿಯುವುದಿಲ್ಲ. ತಡ ಮಾಡಿದರೆ ವಿಮಾನ ಉಳಿಯುವುದಿಲ್ಲ. ಎಲ್ಲಿ ತನಕ ಬಿಡಬೇಕು ಎಂಬ ಗಡಿಯನ್ನು ಗಾಳಿಯಲ್ಲಿ ಯೋಚಿಸಲಾಗದು. ನೆಲದ ಮೇಲೆಯೇ ಬರೆದಿಟ್ಟುಕೊಳ್ಳಿ. ನನ್ನ ಜೇಬಿನ ಪುಸ್ತಕದಲ್ಲಿ ಇರುವುದು ಇಷ್ಟು: 3000 ಅಡಿ ಮೇಲೆ ಸ್ಟಾಲ್ ಅಭ್ಯಾಸದಲ್ಲಿ ಅವನ ತಪ್ಪು ಪೂರ್ತಿ ಬೆಳೆಯಲಿ. ಫೈನಲ್‌ನಲ್ಲಿ, ಅಂದರೆ ರನ್‌ವೇ ಕಡೆ ನೇರ ಇಳಿಯುವಾಗ, ವೇಗ 55 ನಾಟ್‌ಗೆ ಬಂದರೆ ಒಂದು ಸಲ ಹೇಳುತ್ತೇನೆ, ಸರಿಮಾಡದಿದ್ದರೆ ನಾನು ತೆಗೆದುಕೊಳ್ಳುತ್ತೇನೆ. 200 ಅಡಿಯಲ್ಲಿ ಅಪ್ರೋಚ್ ನೆಟ್ಟಗಾಗಿಲ್ಲವಾದರೆ ಗೋ ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು), ವಾದವಿಲ್ಲ. ಇವು ನನ್ನ ಅಂಕಿಗಳು. ನಿಮ್ಮ ಅನುಭವ ಕಡಿಮೆ ಇದ್ದಷ್ಟೂ ಗಡಿ ಬಿಗಿ ಇರಲಿ.

ಫೈನಲ್‌ನಲ್ಲಿ ನನ್ನ ಎಡಗೈ ಥ್ರಾಟಲ್ ಹಿಂದೆ ಇರುತ್ತದೆ, ಬಲಗೈ ಮಂಡಿಯ ಮೇಲೆ, ಯೋಕ್‌ಗೆ ಗೇಣು ದೂರ. ಹಿಮ್ಮಡಿ ನೆಲದ ಮೇಲೆ, ಪೆಡಲ್‌ಗೆ ಹತ್ತಿರ. ಯೋಕ್ ಮುಟ್ಟಿಕೊಂಡಿರಬೇಡಿ. ನೀವು ಒಂದಿಷ್ಟು ಒತ್ತಿದರೂ ಅದು ಅವನಿಗೆ ಗೊತ್ತಾಗುತ್ತದೆ. ಲ್ಯಾಂಡಿಂಗ್ ಚೆನ್ನಾಗಿ ಬಂದರೂ ‘ನಾನು ಮಾಡಿದ್ದಾ, ಮ್ಯಾಮ್ ಮಾಡಿದ್ದಾ?’ ಎಂಬ ಅನುಮಾನ ಅವನಲ್ಲಿ ಉಳಿದುಬಿಡುತ್ತದೆ.

ಹಾಸನದ ಕಡೆಯ ಒಬ್ಬ ಹುಡುಗ ಇದ್ದ. ಫ್ಲೇರ್, ಅಂದರೆ ನೆಲ ಮುಟ್ಟುವ ಮುಂಚೆ ಮೂತಿ ಮೆಲ್ಲಗೆ ಎತ್ತುವುದು, ಬರುತ್ತಲೇ ಇರಲಿಲ್ಲ. ಪ್ರತಿ ಸಲ ಎತ್ತರದಲ್ಲೇ ಎಳೆದು ಧಪ್ ಅಂತ ಬೀಳಿಸುತ್ತಿದ್ದ. ನಾನು ‘ಸ್ವಲ್ಪ ತಡೆದು ಎಳಿ, ಮೆಲ್ಲಗೆ ಎಳಿ’ ಎನ್ನುತ್ತಲೇ ಹತ್ತು ಸಾರ್ಟಿ (ಹಾರಾಟ) ಕಳೆದೆ. ನಮ್ಮ ಸಿಎಫ್‌ಐ (ಕ್ಲಬ್‌ನ ಮುಖ್ಯ ಇನ್‌ಸ್ಟ್ರಕ್ಟರ್) ಸಾಹೇಬರು ಟೀ ಕುಡಿಯುತ್ತ ಕೇಳಿದರು: ‘ಅವನು ಎಲ್ಲಿ ನೋಡ್ತಾನೆ ಅಂತ ಕೇಳಿದ್ದೀಯೇನಮ್ಮ?’ ಕೇಳಿರಲಿಲ್ಲ. ಮಾರನೆಯ ದಿನ ಕೇಳಿದೆ. ಮೂತಿಯ ಮುಂದಿನ ರನ್‌ವೇಯನ್ನೇ ನೋಡುತ್ತೇನೆ ಎಂದ. ಹತ್ತಿರದ ನೆಲ ರಭಸದಿಂದ ಎದ್ದು ಬಂದಂತೆ ಕಂಡು, ಗಾಬರಿಯಲ್ಲಿ ಎಳೆಯುತ್ತಿದ್ದ. ‘ಗದ್ದೆಗೆ ಕೊಕ್ಕರೆ ಇಳಿಯೋದು ನೋಡಿದ್ದೀಯಲ್ಲ? ಕಾಲಿನ ಕೆಳಗೆ ನೋಡಿಕೊಂಡು ಇಳಿಯುತ್ತಾ? ನೀನೂ ರನ್‌ವೇಯ ಆ ತುದಿ ನೋಡು’ ಎಂದೆ. ಮೂರನೇ ಸಲಕ್ಕೆ ಚಕ್ರ ಸದ್ದಿಲ್ಲದೆ ನೆಲ ಮುಟ್ಟಿತು. ಅವನ ಕೈಯಲ್ಲಿ ತಪ್ಪು ಇರಲೇ ಇಲ್ಲ. ಅಂದಿನಿಂದ ‘ಹೀಗೆ ಮಾಡು’ ಎನ್ನುವ ಮುಂಚೆ ‘ಈಗ ಏನು ನೋಡ್ತಿದ್ದೀಯ?’ ಎಂದು ಕೇಳುವುದು ನನಗೆ ರೂಢಿಯಾಗಿದೆ.

ಅವನ ಮೊದಲ ಸೋಲೋ ದಿನ ನಾನಿನ್ನೂ ಅಸಿಸ್ಟೆಂಟ್. ಚೆಕ್ ಮಾಡಿ ಬಿಟ್ಟವರು ಸಿಎಫ್‌ಐ. ನಾನು ಗಾಳಿಯ ದಿಕ್ಕು ತೋರಿಸುವ ವಿಂಡ್‌ಸಾಕ್ ಹತ್ತಿರ ನಿಂತು ನೋಡಿದೆ. ಇಳಿದ ಮೇಲೆ ಹುಡುಗರು ಅವನ ತಲೆಗೆ ಬಕೆಟ್ ನೀರು ಸುರಿದರು. ಅವನು ಒದ್ದೆ ಬಟ್ಟೆಯಲ್ಲೇ ಅಮ್ಮನಿಗೆ ಫೋನ್ ಮಾಡಿದ.

ನಿಮಗೆ ಎಫ್‌ಐಆರ್ ಬಂದು, ವಿಮಾನದಿಂದ ಇಳಿಯುವ ಆ ಸರದಿ ನಿಮ್ಮದಾದಾಗ ಇಷ್ಟು ಮಾಡಿ. ಮೂರು ಸರ್ಕ್ಯೂಟ್ (ಮೇಲೇರಿ, ಏರೋಡ್ರೋಮ್ ಸುತ್ತಿ ಇಳಿಯುವುದು) ಸರಿಯಾಗಿ ಬಂದಿವೆ, ಗಾಳಿ ಶಾಂತವಾಗಿದೆ, ಹದ್ದುಗಳು ಇನ್ನೂ ಮೇಲೇರಿಲ್ಲ ಎಂಬುದನ್ನು ಖಚಿತ ಮಾಡಿಕೊಳ್ಳಿ. ಹಿಂದಿನ ದಿನವೇ ‘ನಾಳೆ ಸೋಲೋ’ ಎಂದು ಹೇಳಬೇಡಿ, ಅವನು ನಿದ್ದೆ ಮಾಡುವುದಿಲ್ಲ. ಇಳಿಯುವ ಮುಂಚೆ ಒಂದೇ ವಿಷಯ ಹೇಳಿ: ನೀವು ಇಳಿದರೆ 60–70 ಕಿಲೋ ಕಡಿಮೆ, 757 ಕಿಲೋ ಮಿತಿಯ ವಿಮಾನಕ್ಕೆ ಅದು ದೊಡ್ಡ ವ್ಯತ್ಯಾಸ, ಬೇಗ ಮೇಲೇಳುತ್ತದೆ, ಇಳಿಯುವಾಗ ಜಾಸ್ತಿ ತೇಲುತ್ತದೆ. ಹೊಸ ಪಾಠ ಏನೂ ಬೇಡ. ಬಲ ಸೀಟಿನ ಬೆಲ್ಟ್ ಕಟ್ಟಿ ಬಿಗಿ ಮಾಡಿ, ಸಡಿಲ ಬಿಟ್ಟರೆ ಯೋಕ್‌ಗೆ ಸಿಕ್ಕಿಕೊಳ್ಳಬಹುದು. ನಿಮ್ಮ ಹೆಡ್‌ಸೆಟ್ ತೆಗೆದುಕೊಳ್ಳಿ. ಬಾಗಿಲು ಹಾಕಿ, ಚಿಲಕ ಕೂತಿದೆಯಾ ಎಂದು ಹೊರಗಿನಿಂದ ಎಳೆದು ನೋಡಿ. ಪ್ರೊಪೆಲ್ಲರ್ ತಿರುಗುತ್ತಿರುತ್ತದೆ, ರೆಕ್ಕೆಯ ಹಿಂದಿನಿಂದ, ಬಾಲದ ಕಡೆಗೆ ನಡೆದು ಬನ್ನಿ.