ಮೂರು ವಾರಕ್ಕೊಮ್ಮೆ ಆಸ್ಪತ್ರೆ: ಮಗಳಿಗೆ ನಿಜ ಹೇಳಲು ಕಲಿತದ್ದು

ನನ್ನ ಮಗಳಿಗೆ ಥಲಸ್ಸೀಮಿಯಾ ಮೇಜರ್. ಅವಳ ಮೈಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗುವುದಿಲ್ಲ. ಎಂಟು ತಿಂಗಳ ಕೂಸಾಗಿದ್ದಾಗ ಗೊತ್ತಾಯಿತು, ಈಗ ಅವಳಿಗೆ ಒಂಬತ್ತು ವರ್ಷ. ಅಂದಿನಿಂದ ಮೂರು ವಾರಕ್ಕೊಮ್ಮೆ ಶಿರಾದಿಂದ ಬೆಂಗಳೂರಿಗೆ ಹೋಗಿ ರಕ್ತ ಹಾಕಿಸಿಕೊಂಡು ಬರುತ್ತೇವೆ.

ಮೊದಮೊದಲು ನಾನು ಅವಳಿಗೆ ಸುಳ್ಳು ಹೇಳುತ್ತಿದ್ದೆ. "ಅಜ್ಜಿ ಮನೆಗೆ ಹೋಗೋಣ ಬಾ" ಅಂತ ಬಸ್ ಹತ್ತಿಸುತ್ತಿದ್ದೆ. ಇಳಿದರೆ ಆಸ್ಪತ್ರೆ. ಅವಳಿಗೆ ಮೂರು ವರ್ಷ ಇದ್ದಾಗ ಒಂದು ಯುಗಾದಿಗೆ ನಿಜವಾಗಿಯೂ ಅಮ್ಮನ ಮನೆಗೆ ಹೊರಟಿದ್ದೆವು. ಹೊಸ ಲಂಗ ಹಾಕಿಕೊಂಡಿದ್ದಳು. ಬಸ್ಸಿನ ಬಾಗಿಲ ಕಂಬಿ ಎರಡೂ ಕೈಯಲ್ಲಿ ಹಿಡಿದು ಕಿರುಚಿಕೊಂಡಳು, ಬೆರಳು ಬಿಡಿಸೋಕೇ ಆಗಲಿಲ್ಲ. ಕಂಡಕ್ಟರ್ ಪಾಪ ಕಾದರು. ಕೊನೆಗೆ ನಾವೇ ಇಳಿದು ಮನೆಗೆ ವಾಪಸ್ ಬಂದೆವು. ಅಜ್ಜಿ ಮನೆ ಅನ್ನೋ ಮಾತನ್ನೇ ನಾನು ಅವಳಿಗೆ ಕೆಡಿಸಿಬಿಟ್ಟಿದ್ದೆ. ಅವತ್ತು ರಾತ್ರಿ ನಾನೂ ನಮ್ಮ ಮನೆಯವರೂ ಕೂತು ಮಾತಾಡಿದೆವು, ಇನ್ನು ಸುಳ್ಳು ಬೇಡ ಅಂತ.

ಆಮೇಲೆ ಹಿಂದಿನ ದಿನ ಸಂಜೆಯೇ ಹೇಳತೊಡಗಿದೆ. "ನಾಳೆ ಆಸ್ಪತ್ರೆ. ಸೂಜಿ ಚುಚ್ತಾರೆ, ನೋಯುತ್ತೆ. ನಾನು ಪಕ್ಕದಲ್ಲೇ ಇರ್ತೀನಿ." ಅತ್ತಳು, ಅಳಲಿ ಅಂತ ಬಿಟ್ಟೆ. ಬೆಳಿಗ್ಗೆ ಬಸ್ಸಿನಲ್ಲಿ ಮಾತ್ರ ಅಳಲಿಲ್ಲ. ಸಣ್ಣವಳಿದ್ದಾಗ ವಾರದ ಮುಂಚೆ ಹೇಳಿದರೆ ವಾರವೆಲ್ಲಾ ಕೊರಗುತ್ತಿದ್ದಳು, ಹಿಂದಿನ ದಿನ ಸಾಕು. ಈಗ ಅವಳೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಾಳೆ.

"ಹೋಗೋಣ್ವಾ?" ಅಂತ ಕೇಳುವುದಿಲ್ಲ. ಹೋಗಲೇಬೇಕಲ್ವಾ? "ಇವತ್ತು ಯಾವ ಕೈ?" ಅಂತ ಕೇಳುತ್ತೇನೆ. ಅದು ಅವಳ ಕೈಯಲ್ಲಿರುವ ವಿಷಯ. ಮರಗಟ್ಟಿಸುವ ಮುಲಾಮನ್ನು ಡಾಕ್ಟರೇ ಬರೆದುಕೊಟ್ಟಿದ್ದಾರೆ. ಚುಚ್ಚುವುದಕ್ಕೆ ಒಂದು ಗಂಟೆ ಮುಂಚೆ ಹಚ್ಚಿ ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಬೇಕು, ಐದು ನಿಮಿಷ ಮುಂಚೆ ಹಚ್ಚಿದರೆ ಏನೂ ಪ್ರಯೋಜನವಿಲ್ಲ. ಚಳಿಗಾಲದಲ್ಲಿ ನರ ಸಿಗುವುದೇ ಕಷ್ಟ. ಬಸ್ಸಿಳಿದ ಕೂಡಲೇ ನೀರು ಕುಡಿಸಿ, ಉಗುರುಬೆಚ್ಚಗಿನ ನೀರಿನ ಬಾಟಲಿ ಅಂಗೈಗೆ ಕೊಡುತ್ತೇನೆ. ಎರಡು ಸಲ ಚುಚ್ಚಿಯೂ ಸಿಗದಿದ್ದರೆ "ಸಿಸ್ಟರ್, ಬೇರೆಯವರನ್ನ ಕರೀತೀರಾ?" ಅಂತ ಕೇಳುತ್ತೇನೆ. ಮೊದಲು ಹಾಗೆ ಕೇಳೋಕೆ ಸಂಕೋಚ ಆಗುತ್ತಿತ್ತು. ಈಗ ಆಗಲ್ಲ.

ಒಂದು ಬ್ಯಾಗ್ ರಕ್ತ ಹೋಗಲು ಮೂರರಿಂದ ನಾಲ್ಕು ಗಂಟೆ ಬೇಕು. ಆ ಹೊತ್ತಿನಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಒಂದು ಮೇ ತಿಂಗಳಲ್ಲಿ ರಕ್ತ ಶುರುವಾಗಿ ಅರ್ಧ ಗಂಟೆಗೆ "ಅಮ್ಮಾ, ಚಳಿ" ಅಂದಳು. ಫ್ಯಾನ್ ಗಾಳಿ ಇರಬೇಕು ಅಂತ ನನ್ನ ಶಾಲು ಹೊದಿಸಿ ಸುಮ್ನೆ ಕೂತೆ. ಹತ್ತು ನಿಮಿಷಕ್ಕೆ ಮಂಚವೇ ಅಲುಗುವಷ್ಟು ನಡುಗತೊಡಗಿದಳು. ಸಿಸ್ಟರ್ ಓಡಿಬಂದು ರಕ್ತ ನಿಲ್ಲಿಸಿದರು. ಚಳಿ, ತುರಿಕೆ, ಬೆನ್ನು ನೋವು, ಉಸಿರು ಕಟ್ಟಿದ ಹಾಗೆ, ಏನೇ ಅಂದರೂ ಆ ಕ್ಷಣವೇ ಸಿಸ್ಟರನ್ನು ಕರೆಯಬೇಕು. ಮಗುವಿಗೂ ಇದನ್ನು ಹೇಳಿಕೊಟ್ಟಿರಬೇಕು. ಆ ದಿನದ ವಿಷಯ ನನ್ನ ನೋಟ್‌ಬುಕ್ಕಿನಲ್ಲಿದೆ. ದಿನಾಂಕ, ತೂಕ, ರಕ್ತ ಹಾಕುವ ಮುಂಚಿನ ಹಿಮೋಗ್ಲೋಬಿನ್, ಬ್ಯಾಗ್ ನಂಬರ್, ಎಲ್ಲಾ ಬರೆಯುತ್ತೇನೆ. ರಕ್ತ ಹಾಕುವ ಮುಂಚೆಯೂ ಹಿಮೋಗ್ಲೋಬಿನ್ 9ಕ್ಕಿಂತ ಕೆಳಗೆ ಇಳಿಯದ ಹಾಗೆ ಡಾಕ್ಟರ್ ನೋಡಿಕೊಳ್ಳುತ್ತಾರೆ.

ಇನ್ನೊಂದು ಕಬ್ಬಿಣದ ವಿಷಯ. "ರಕ್ತ ಕಮ್ಮಿ ಅಲ್ವಾ" ಅಂತ ನೆಂಟರೊಬ್ಬರು ಪ್ರೀತಿಯಿಂದ ಕಬ್ಬಿಣದ ಟಾನಿಕ್ ತಂದುಕೊಟ್ಟಿದ್ದರು. ಈ ಮಕ್ಕಳಿಗೆ ಅದು ವಿಷ. ಪ್ರತಿ ಬ್ಯಾಗ್ ರಕ್ತದ ಜೊತೆ ಕಬ್ಬಿಣ ಒಳಗೆ ಹೋಗುತ್ತೆ, ಅದನ್ನು ಹೊರಹಾಕಲು ಮೈಗೆ ಬರುವುದಿಲ್ಲ. ಲಿವರ್, ಹೃದಯದಲ್ಲಿ ಕೂತುಬಿಡುತ್ತೆ. ಅದಕ್ಕೇ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನಲ್ಲಿ ಕಲಕಿದ ಮಾತ್ರೆ. ಸುಣ್ಣದ ನೀರಿನ ಹಾಗೆ ಬೆಳ್ಳಗಿರುತ್ತೆ, ಲೋಟದ ತಳದಲ್ಲಿ ಕೂರುತ್ತೆ. ಮತ್ತೆ ಸ್ವಲ್ಪ ನೀರು ಹಾಕಿ ಕಲಕಿ ಅದನ್ನೂ ಕುಡಿಸಬೇಕು. ಅರ್ಧ ಗಂಟೆ ಬಿಟ್ಟು ತಿಂಡಿ. ರಕ್ತ ತಪ್ಪಿಸಿದರೆ ಮಗು ಬಿಳಿಚಿಕೊಂಡು ಕಾಣಿಸುತ್ತೆ. ಮಾತ್ರೆ ತಪ್ಪಿಸಿದರೆ ಏನೂ ಕಾಣಿಸುವುದಿಲ್ಲ, ನನಗೆ ಅದರದ್ದೇ ಜಾಸ್ತಿ ಭಯ.

ನಮ್ಮದು ಸೋದರಸಂಬಂಧದ ಮದುವೆ. ಇಬ್ಬರೂ ಈ ದೋಷದ ವಾಹಕರು ಅಂತ ಮಗಳು ಹುಟ್ಟಿದ ಮೇಲೆ ಗೊತ್ತಾಯಿತು. ವಾಹಕರಿಗೆ ಕಾಯಿಲೆ ಇರುವುದಿಲ್ಲ, ಹಾಗಾಗಿ ಪರೀಕ್ಷೆ ಮಾಡಿಸದೆ ತಿಳಿಯುವುದೂ ಇಲ್ಲ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಈ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮದುವೆಗೆ ಮುಂಚೆ ಹಿಮೋಗ್ಲೋಬಿನ್ ಎ2 ಪರೀಕ್ಷೆ ಮಾಡಿಸಿ ಅಂತ ನಾನು ಈಗ ಮದುವೆ ಮನೆಗಳಲ್ಲೂ ಹೇಳುತ್ತೇನೆ. ಮಗ ಹೊಟ್ಟೆಯಲ್ಲಿದ್ದಾಗ ಪರೀಕ್ಷೆ ಮಾಡಿಸಿದೆವು, ಅವನಿಗೆ ಕಾಯಿಲೆ ಇಲ್ಲ.

ಈ ಕಾಯಿಲೆಯನ್ನು ವಾಸಿಮಾಡಬಹುದಾದ ಮೂಳೆಮಜ್ಜೆ ಕಸಿಗೆ ಅವನದು ಅಕ್ಕನಿಗೆ ಹೊಂದುತ್ತದಾ ಅಂತ ಹೋದ ವರ್ಷ ನೋಡಿಸಿದೆವು. ಹೊಂದಲಿಲ್ಲ. ಇದನ್ನೂ ಮುಚ್ಚಿಡಲಿಲ್ಲ. ಬೆಂಗಳೂರಿಂದ ವಾಪಸ್ ಬರುವಾಗ, ಬಸ್ ನೆಲಮಂಗಲ ದಾಟಿದ ಮೇಲೆ ಹೇಳಿದೆ.

"ಹಂಗಾದ್ರೆ ಯಾವಾಗ್ ನಿಲ್ಲುತ್ತಮ್ಮಾ ಇದು?"

"ಗೊತ್ತಿಲ್ಲ ಪುಟ್ಟಿ. ಸದ್ಯಕ್ಕೆ ನಿಲ್ಲಲ್ಲ. ಬೇರೆ ದಾರಿ ಇದೆಯಾ ಅಂತ ಕೇಳ್ತಾ ಇದ್ದೀವಿ."

ತುಂಬಾ ಹೊತ್ತು ಕಿಟಕಿ ಕಡೆ ತಿರುಗಿ ಕೂತಿದ್ದಳು. ತುಮಕೂರು ಬಂದಾಗ ಹಸಿವು ಅಂದಳು. ಡಬ್ಬಿಯ ಚಿತ್ರಾನ್ನ ಪೂರ್ತಿ ತಿಂದು, ಪಟ್ಟಿ ಅಂಟಿಸಿದ್ದ ಕೈಯನ್ನು ನನ್ನ ತೊಡೆ ಮೇಲಿಟ್ಟು ಶಿರಾವರೆಗೂ ನಿದ್ದೆ ಮಾಡಿದಳು.