ಮಗು ಬೇಕೆಂದವರ ಮೊದಲ ಮೂರು ತಿಂಗಳು

ಮಗು ಮಾಡಿಕೊಳ್ಳೋಣ ಅಂತ ತೀರ್ಮಾನಿಸಿದ ವಾರವೇ ಕೆಲವರು ಮೆಡಿಕಲ್ ಶಾಪಿನಿಂದ ‘ಆಂಟಿಆಕ್ಸಿಡೆಂಟ್’ (ಜೀವಕೋಶಗಳು ಕೆಡದಂತೆ ಕಾಯುವ ವಸ್ತು) ಮಾತ್ರೆ ತರುತ್ತಾರೆ. ಸ್ವಲ್ಪ ತಡೆಯಿರಿ. ಮೊದಲು ಕ್ಯಾಲೆಂಡರ್ ನೋಡಿ. ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಇವತ್ತು ಅಭ್ಯಾಸ ಬದಲಿಸಿದರೆ ಅದರ ಫಲ ಕಾಣುವುದು ಮೂರು ತಿಂಗಳ ಮೇಲೆ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಶುರು ಮಾಡಿ.

ಮುಂದಿನ ಕೆಲಸ ತಂಬಾಕು ಬಿಡುವುದು. ಬೀಡಿ, ಸಿಗರೇಟು, ಗುಟ್ಕಾ ಎಲ್ಲವೂ. ನಮ್ಮ ರಕ್ತನಾಳಗಳ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ತಯಾರಿಸುತ್ತದೆ. ಅದರಿಂದ ನಾಳ ಸಡಿಲಗೊಂಡು ರಕ್ತ ಸಲೀಸಾಗಿ ಹರಿಯುತ್ತದೆ. (ಇದರ ಸಂಶೋಧನೆಗೇ 1998ರಲ್ಲಿ ಮೂವರಿಗೆ ನೊಬೆಲ್ ಬಂತು.) ತಂಬಾಕಿನಿಂದ ಹೆಚ್ಚುವ, ಜೀವಕೋಶಗಳನ್ನು ಕೆಡಿಸುವ ಫ್ರೀ ರ‍್ಯಾಡಿಕಲ್‌ಗಳು ಈ ಅನಿಲವನ್ನು ನಾಶ ಮಾಡುತ್ತವೆ. ವೀರ್ಯಾಣುವಿನ ಹೊರಪೊರೆಯಲ್ಲಿ ಬೇಗ ಕೆಡುವ ಕೊಬ್ಬು ಜಾಸ್ತಿ, ಅದನ್ನೂ ಇವು ಬಿಡುವುದಿಲ್ಲ.

ಶಿಶ್ನದ ನಿಮಿರುವಿಕೆಗೂ ಇದೇ ರಕ್ತದ ಹರಿವು ಬೇಕು. ಅದರಲ್ಲಿ ತೊಂದರೆ ಇದ್ದರೆ ನಾಚಿಕೊಂಡು ಸುಮ್ನೆ ಕೂರಬೇಡಿ. ಅಲ್ಲಿನ ರಕ್ತನಾಳ ಹೃದಯದ ನಾಳಕ್ಕಿಂತ ಸಣ್ಣದು. ಹಾಗಾಗಿ ರಕ್ತನಾಳದ ತೊಂದರೆ ಎಷ್ಟೋ ಸಲ ಮೊದಲು ಅಲ್ಲೇ ಕಾಣಿಸುತ್ತದೆ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ.

ಇನ್ನು ಊಟ. ಆಂಟಿಆಕ್ಸಿಡೆಂಟ್ ಅದರಲ್ಲೇ ಸಿಗುತ್ತದೆ. ವಿಟಮಿನ್ ಸಿ ಅಂಥದ್ದೊಂದು. ಅದು ಬಿಸಿಗೆ ಹಾಳಾಗುತ್ತದೆ, ಆದ್ದರಿಂದ ಸೀಬೆಹಣ್ಣು ಹಾಗೇ ತಿನ್ನಿ. ನೆಲ್ಲಿಕಾಯಿ ಚಿತ್ರಾನ್ನ ಮಾಡುವಾಗ ಒಗ್ಗರಣೆ ಹಾಕಿ, ಒಲೆ ಆರಿಸಿ, ಆಮೇಲೆ ತುರಿ ಕಲಸಿ. ಟೊಮೆಟೊ ಮಾತ್ರ ಉಲ್ಟಾ: ಎಣ್ಣೆಯಲ್ಲಿ ಬಾಡಿಸಿದರೆ ಅದಕ್ಕೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಎಂಬ ಆಂಟಿಆಕ್ಸಿಡೆಂಟ್ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಬೀಟ್‌ರೂಟ್, ಸೊಪ್ಪುಗಳಲ್ಲಿರುವ ನೈಟ್ರೇಟ್‌ನಿಂದ ದೇಹ ನೈಟ್ರಿಕ್ ಆಕ್ಸೈಡ್ ಮಾಡಿಕೊಳ್ಳುತ್ತದೆ.

ಹಾಗಾದರೆ ಮಾತ್ರೆ? ಅಮೆರಿಕದಲ್ಲಿ 2,370 ಜೋಡಿಗಳನ್ನು ಸೇರಿಸಿಕೊಂಡು ಒಂದು ದೊಡ್ಡ ಅಧ್ಯಯನ ನಡೆಯಿತು. ಗಂಡಸರಲ್ಲಿ ಅರ್ಧದಷ್ಟು ಜನರಿಗೆ ಆರು ತಿಂಗಳು ದಿನಾ ಇಂಥ ಮಾತ್ರೆಗಳಲ್ಲಿರುವ ಜಿಂಕ್ ಮತ್ತು ಫೋಲಿಕ್ ಆಸಿಡ್ (ಒಂದು ಬಿ ವಿಟಮಿನ್) ಕೊಟ್ಟರು. 2020ರಲ್ಲಿ ಫಲಿತಾಂಶ ಬಂದಾಗ ನೋಡಿದರೆ, ಮಾತ್ರೆ ನುಂಗಿದವರಿಗೆ ಮಕ್ಕಳಾದದ್ದು ಹೆಚ್ಚೇನೂ ಇರಲಿಲ್ಲ. ಡಾಕ್ಟರ್ ಬರೆದುಕೊಡದೆ ಇದಕ್ಕೆ ದುಡ್ಡು ಸುರಿಯುವುದು ನನಗಂತೂ ಸರಿ ಕಾಣುವುದಿಲ್ಲ. ಹೆಂಗಸರ ವಿಷಯ ಬೇರೆ. ಮಗುವಿನ ಬೆನ್ನುಹುರಿ ಸರಿಯಾಗಿ ಬೆಳೆಯಲು ಗರ್ಭ ನಿಲ್ಲುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಬೇಕೇ ಬೇಕು.

ವರ್ಷವಾದರೂ ಗರ್ಭ ನಿಲ್ಲದಿದ್ದರೆ ಡಾಕ್ಟರನ್ನು ಕಾಣಿ. ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ ಹೋಗಿ. ಆಕೆಯೊಬ್ಬಳನ್ನೇ ಸ್ಕ್ಯಾನಿಂಗ್‌ಗೆ ಅಲೆಸುವುದು ಅನ್ಯಾಯ ಅಲ್ವಾ? ಮೊದಲ ಭೇಟಿಯಲ್ಲೇ ಗಂಡನ ವೀರ್ಯ ಪರೀಕ್ಷೆಯೂ ಆಗಲಿ. ಅದಕ್ಕೆ ಮೊದಲು 2ರಿಂದ 7 ದಿನ ವೀರ್ಯ ಸ್ಖಲನವಾಗದಂತೆ ಸಂಯಮ ಇರಬೇಕು, ಸ್ಯಾಂಪಲ್ ಆದಷ್ಟೂ ಲ್ಯಾಬಿನಲ್ಲೇ ಕೊಡಬೇಕು.