ಟರ್ಕಿ ಕರಿಯುವವರೇ, ಮೊದಲು ನೀರಿಗೆ ಹೆದರಿ

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅಂದಿನ ಊಟಕ್ಕೆ ಟರ್ಕಿ ಕೋಳಿಯನ್ನು ಇಡಿಯಾಗಿ ಎಣ್ಣೆಯಲ್ಲಿ ಕರಿಯುವುದು ದಕ್ಷಿಣದ ಲೂಸಿಯಾನಾ ರಾಜ್ಯದ ಕಡೆಯಿಂದ ಹಬ್ಬಿದ ರೂಢಿ. ಇಲ್ಲಿ ನೆಲೆಸಿದ ಕನ್ನಡಿಗರ ಹಿತ್ತಲುಗಳಿಗೂ ಅದು ಬಂದಿದೆ. ಬೋಂಡಾ ಕರಿದು ಪಳಗಿದ ಕೈಗೆ ಇದೇನು ಮಹಾ ಎನ್ನುತ್ತಾರೆ. ಕಳೆದ ವರ್ಷ ಗೆಳೆಯರೊಬ್ಬರ ಮನೆಯಲ್ಲಿ ಎಣ್ಣೆ ಉಕ್ಕಿ, ಬರ್ನರಿನ ಸುತ್ತ ಹುಲ್ಲು ಹೊತ್ತಿಕೊಂಡದ್ದನ್ನು ಕಣ್ಣಾರೆ ಕಂಡೆ. ಹಕ್ಕಿಯ ಹೊಟ್ಟೆಯಲ್ಲಿ ಮಂಜುಗಡ್ಡೆ ಉಳಿದಿತ್ತು.

10ರಿಂದ 12 ಪೌಂಡ್ ತೂಕದ್ದನ್ನೇ ಕೊಳ್ಳಿ. ನೆಂಟರು ಹೆಚ್ಚಿದ್ದರೆ ಎರಡು ಕರಿಯಿರಿ, ಒಂದು ದೊಡ್ಡದು ಬೇಡ.

ಮಂಜು ಬಿಡಿಸಲು ಫ್ರಿಜ್‌ನಲ್ಲಿ ಪ್ರತಿ 4-5 ಪೌಂಡ್‌ಗೆ ಒಂದು ದಿನ ಬೇಕು. ಆದ್ದರಿಂದ ಭಾನುವಾರವೇ ಫ್ರೀಜರಿನಿಂದ ಇಳಿಸಿ. ಬುಧವಾರ, ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಟರ್ಕಿಯನ್ನು ಕರಿಯುವ ಹಂಡೆಯಲ್ಲಿಟ್ಟು, ಮುಳುಗುವಷ್ಟು ನೀರು ಹಾಕಿ. ಹಕ್ಕಿಯನ್ನು ಎತ್ತಿದ ಮೇಲೆ ನೀರು ನಿಂತ ಮಟ್ಟವನ್ನು ಗುರುತು ಮಾಡಿಕೊಳ್ಳಿ. ಎಣ್ಣೆಯನ್ನೂ ಅಷ್ಟೇ ಮಟ್ಟಕ್ಕೆ ಹಾಕಬೇಕು. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಹಂಡೆಯನ್ನು ಚೆನ್ನಾಗಿ ಒಣಗಿಸಿಡಿ.

ಗುರುವಾರ ಬೆಳಗ್ಗೆ ಕತ್ತು, ಗುಂಡಿಗೆ, ಪಿತ್ತಜನಕಾಂಗ ಇರುವ ಪೊಟ್ಟಣವನ್ನೂ ಕಾಲಿನ ಪ್ಲಾಸ್ಟಿಕ್ ಕಟ್ಟನ್ನೂ ತೆಗೆಯಿರಿ. ಹೊಟ್ಟೆಯೊಳಗೆ ಕೈ ಹಾಕಿ ಬೆನ್ನೆಲುಬಿನ ಉದ್ದಕ್ಕೂ ಬೆರಳಾಡಿಸಿ. ಮರಳು ಸಿಕ್ಕಂತೆ ಕರಕರ ಎಂದರೆ ಮಂಜು ಇನ್ನೂ ಇದೆ. ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಬಿಸಿನೀರಿನ ಅಡ್ಡದಾರಿ ಖಂಡಿತ ಬೇಡ. ಆಮೇಲೆ ಕಾಗದದ ಟವೆಲ್ಲಿನಿಂದ ಒಳಗೂ ಹೊರಗೂ ಒತ್ತಿ ಒರೆಸಿ. ರೆಕ್ಕೆಯ ಸಂದು, ತೊಡೆಯ ಮಡಿಕೆ, ಕತ್ತಿನ ತೂತು ಯಾವುದನ್ನೂ ಬಿಡಬೇಡಿ. ಒಳಗೆ ಹೋದ ಟವೆಲ್ಲು ಒಣಗಿದ್ದಂತೆಯೇ ಹೊರಬರಬೇಕು. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಎಣ್ಣೆಯನ್ನು ಹಂಡೆಯಿಂದ ಎತ್ತಿ ಬೆಂಕಿಗೆ ಸುರಿಯುವುದು ಆ ಹಿಗ್ಗೇ.

ಶುಂಠಿ-ಬೆಳ್ಳುಳ್ಳಿಯ ಹಸಿ ಮಸಾಲೆ ಸವರಬೇಡಿ, ಅದರಲ್ಲೂ ನೀರಿದೆ. ಉಪ್ಪು, ಕಾಳುಮೆಣಸು, ಖಾರದ ಪುಡಿ ಸಾಕು. ಸಿರಿಂಜಿನಲ್ಲಿ ಚುಚ್ಚುವ ಸಿದ್ಧ ಮಸಾಲೆಯ ಸೀಸೆಗಳು ನನಗೆ ಸೇರುವುದಿಲ್ಲ. ಅಂಗಡಿಯ ಟರ್ಕಿಗೆ ಎಷ್ಟೋ ಸಲ ಉಪ್ಪುನೀರು ಮೊದಲೇ ಸೇರಿಸಿರುತ್ತಾರೆ; ಮೇಲೆ ಇದೂ ಸೇರಿದರೆ ಬಾಯಿಗಿಡಲಾಗದು.

ಒಲೆ ಬಯಲಿನಲ್ಲಿ, ಮಟ್ಟಸವಾದ ಸಿಮೆಂಟ್ ನೆಲದ ಮೇಲೆ, ಮನೆಯಿಂದ ಕನಿಷ್ಠ 10 ಅಡಿ ದೂರ ಇರಲಿ. ಮರದ ಜಗಲಿ, ಗ್ಯಾರೇಜು ಎರಡೂ ಬೇಡ. ಅಲುಗಾಡುವ ಅಗ್ಗದ ಸ್ಟ್ಯಾಂಡುಗಳಿಗೆ ದುಡ್ಡು ಸುರಿಯಬೇಡಿ. ಕಡಲೆಕಾಯಿ ಎಣ್ಣೆ ಉತ್ತಮ, ಆದರೆ ನೆಂಟರಲ್ಲಿ ಯಾರಿಗಾದರೂ ಅಲರ್ಜಿ ಇದೆಯೇ ಎಂದು ಮೊದಲೇ ಕೇಳಿ. ಎಣ್ಣೆ 350 ಡಿಗ್ರಿ ಫ್ಯಾರನ್‌ಹೀಟ್‌ಗೆ ಬಂದೊಡನೆ ಬರ್ನರ್ ಆರಿಸಿ. ಹೌದು, ಪೂರ್ತಿ ಆರಿಸಿ. ಎಣ್ಣೆ ಉಕ್ಕಿದರೂ ಕೆಳಗೆ ಜ್ವಾಲೆ ಇರಬಾರದು. ಉದ್ದ ತೋಳಿನ ಕೈಗವಸು ತೊಟ್ಟು, ಕೊಕ್ಕೆಯಿಂದ ಇಂಚಿಂಚಾಗಿ ಇಳಿಸಿ. ನೊರೆ ಏರಿದರೆ ಅಲ್ಲೇ ನಿಲ್ಲಿಸಿ, ಅದು ಇಳಿದ ಮೇಲೆ ಮುಂದುವರಿಸಿ. ಪೂರ್ತಿ ಮುಳುಗಿದ ಮೇಲೆ ಮತ್ತೆ ಹೊತ್ತಿಸಿ.

ಪೌಂಡಿಗೆ ಮೂರೂವರೆ ನಿಮಿಷ. ಅಷ್ಟು ಹೊತ್ತೂ ಒಬ್ಬರು ಅಲ್ಲೇ ನಿಂತಿರಬೇಕು. ಬೆಂಕಿ ಹೊತ್ತಿದರೆ ನೀರು ಹಾಕಬೇಡಿ. ಎಣ್ಣೆಯ ಬೆಂಕಿ ಆರಿಸುವ ಅಗ್ನಿಶಾಮಕವನ್ನು ಕೈಗೆಟುಕುವಂತೆ ಇಟ್ಟುಕೊಂಡಿರಿ. ಮೂಳೆಗೆ ತಾಗದಂತೆ ತೊಡೆಯ ದಪ್ಪ ಭಾಗಕ್ಕೆ ಥರ್ಮಾಮೀಟರ್ ಚುಚ್ಚಿದಾಗ 165 ಡಿಗ್ರಿ ತೋರಿಸಬೇಕು. ಕೊಯ್ಯುವ ಮುನ್ನ 20 ನಿಮಿಷ ಬಿಡಿ.

ಎಲ್ಲರೂ ಊಟಕ್ಕೆ ಒಳಗೆ ಹೋಗುವಾಗ ಹಂಡೆಯನ್ನು ಹೊತ್ತು ಒಳತರಬೇಡಿ. ಎಣ್ಣೆ ತಣಿಯಲು ಗಂಟೆಗಟ್ಟಲೆ ಬೇಕು. ಮುಚ್ಚಳ ಮುಚ್ಚಿ, ಮಕ್ಕಳೂ ನಾಯಿಯೂ ಅತ್ತ ಸುಳಿಯದಂತೆ ನೋಡಿಕೊಂಡು, ಶುಕ್ರವಾರ ಬೆಳಗ್ಗೆ ಸೋಸಿಡಿ.